ಚೌತಿಯ ಸಂಜೆ ಮೋಡವಿರಲಿಲ್ಲ

ಎರಡನೆಯ ತರಗತಿಯ ಪುಸ್ತಕದಲ್ಲಿ ಚಂದ್ರನಿಗೆ ಕೊಟ್ಟಿರುವುದು ಒಂದೂವರೆ ಪುಟ. ಅದರಲ್ಲಿ ಮುಕ್ಕಾಲು ಪಾಲು ಚಿತ್ರ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಅದನ್ನು ನೋಡಿ, ಒಂದು ಪೀರಿಯಡ್ಡಿನಲ್ಲಿ ಮುಗಿಸಿ ಕೈ ತೊಳೆದುಕೊಳ್ಳಬಹುದು ಅಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮೂವತ್ತೊಂದು ವರ್ಷ ಕಲಿಸಿದೆ. ಎಷ್ಟು ಸಲ ತಪ್ಪು ಕಲಿಸಿದೆ ಎಂಬುದನ್ನು ಯಾರೂ ಸರ್ವಿಸ್ ಪುಸ್ತಕದಲ್ಲಿ ಬರೆದಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ. ನಮ್ಮ ಊರುಗಳ ಹೋಟೆಲಿನವರೂ ಬ್ಯಾಂಕಿನವರೂ ಸೇರಿ ನಡೆಸುತ್ತಿದ್ದ ಕನ್ನಡ ಶಾಲೆಯೊಂದಿತ್ತು, ಅಲ್ಲಿ ಸೇರಿಕೊಂಡೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾದ ಮೇಲೆ ಅದೇ ಸಂಸ್ಥೆಯವರು ಠಾಣೆಯ ಘೋಡಬಂದರ್ ರಸ್ತೆಯಲ್ಲಿ ತೆರೆದ ಇಂಗ್ಲಿಷ್ ಶಾಲೆಗೆ ನನ್ನನ್ನು ಹಾಕಿದರು. ಕೊನೆಯ ಹತ್ತು ವರ್ಷ ಅಲ್ಲೇ. ದಿನಾ ಲೋಕಲ್ ರೈಲು ಹತ್ತಿ ಠಾಣೆ, ಅಲ್ಲಿಂದ ಬಸ್ಸು. ನನಗೆ ಯಾವ ವರ್ಷ ಯಾವ ಗ್ರೇಡ್ ಸಿಕ್ಕಿತು ಅನ್ನುವುದೆಲ್ಲ ಬಿಡಿ. ಅದನ್ನು ಕೇಳಿ ನಿಮಗೆ ಏನೂ ಆಗಬೇಕಾಗಿಲ್ಲ.

ಮೊದಲ ದೊಡ್ಡ ತಪ್ಪು ಡೊಂಬಿವಲಿಯಲ್ಲಿ. ಚಂದ್ರ ಯಾಕೆ ಸಣ್ಣಗಾಗುತ್ತಾನೆ ಎಂದು ಮಕ್ಕಳು ಕೇಳಿದರೆ, ‘ಭೂಮಿಯ ನೆರಳು ಬೀಳುತ್ತದೆ, ಅದಕ್ಕೆ’ ಎಂದು ಹೇಳುತ್ತಿದ್ದೆ. ಒಂದು ವರ್ಷವಲ್ಲ, ಆರು ವರ್ಷ. ಕೈಯಲ್ಲಿ ನೆರಳು ಮಾಡಿ ತೋರಿಸುತ್ತಲೂ ಇದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಆಗ ನಮ್ಮ ಹೆಡ್‌ಮಾಸ್ತರರು ದೇಸಾಯಿ ಸರ್, ಧಾರವಾಡದವರು. ತರಗತಿಯ ಬಾಗಿಲಲ್ಲಿ ನಿಂತು ಪಾಠ ಕೇಳುವ ಅಭ್ಯಾಸ ಅವರಿಗೆ. ಆ ಅಭ್ಯಾಸಕ್ಕೆ ನಾವೆಲ್ಲ ಮನಸಾರೆ ಬಯ್ಯುತ್ತಿದ್ದೆವು. ಒಂದು ದಿನ ಪಾಠ ಮುಗಿಸಿ ಹೊರಗೆ ಬಂದಾಗ ಅವರು ಮೆಲ್ಲಗೆ ಕೇಳಿದರು.

“ಬಾಯಾರ, ಒಂದ ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಅಷ್ಟಮಿ ದಿವಸ ಸಂಜಿಮುಂದ ಸೂರ್ಯ ಎಲ್ಲಿರ್ತಾನ್ರಿ?”

“ಪಶ್ಚಿಮದಲ್ಲಿ ಸರ್.”

“ಚಂದ್ರ?”

“ನೆತ್ತಿಯ ಮೇಲೆ.”

“ಹೌದಲ್ರಿ. ಸೂರ್ಯ ಪಶ್ಚಿಮಕ್ಕಿದ್ರ ಭೂಮಿ ನೆರಳ ಪೂರ್ವಕ್ಕ ಹೋಗ್ತದ. ಹಂಗಿದ್ರ ನೆತ್ತಿ ಮ್ಯಾಲಿನ ಚಂದ್ರನ ಮ್ಯಾಲ ಬಿದ್ದದ್ದು ಯಾರ ನೆರಳ್ರಿ?”

ಪಾಠದಲ್ಲಿ ಮಾಡುತ್ತಿದ್ದ ಹಾಗೆಯೇ ಕೈಯಲ್ಲಿ ನೆರಳು ಮಾಡಿ ನೋಡಿದೆ, ಅದು ಚಂದ್ರನ ಹತ್ತಿರವೂ ಹೋಗಲಿಲ್ಲ. ಅವರು ನಗಲಿಲ್ಲ. ಮರುದಿನ ಒಂದು ರಬ್ಬರ್ ಚೆಂಡಿಗೆ ಪೆನ್ಸಿಲ್ ಚುಚ್ಚಿ ತಂದು, ಕಿಟಕಿಯ ಎದುರು ನನ್ನನ್ನು ನಿಲ್ಲಿಸಿ, ಚೆಂಡು ಹಿಡಿದು ನಿಂತಲ್ಲೇ ನಿಧಾನವಾಗಿ ಸುತ್ತಲು ಹೇಳಿದರು. ಸುತ್ತಿದಂತೆ ಚೆಂಡಿನ ಮೇಲಿನ ಬೆಳಕು ಗೆರೆಯಾಯಿತು, ಅರ್ಧವಾಯಿತು, ಪೂರ್ತಿಯಾಯಿತು. ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಬಾಕಿ ದಿನ ಚಂದ್ರನ ಅರ್ಧ ಯಾವಾಗಲೂ ಬೆಳಗಿಯೇ ಇರುತ್ತದೆ, ಅದರಲ್ಲಿ ನಮಗೆ ಕಾಣುವ ಪಾಲು ಮಾತ್ರ ಬೇರೆ ಬೇರೆ. ಮೂವತ್ತು ದಾಟಿದವಳು ನಾನು, ಆ ದಿನ ಮೊದಲ ಸಲ ನನಗೆ ಚಂದ್ರ ಅರ್ಥವಾದ. ಅಷ್ಟರೊಳಗೆ ಆರು ತಂಡದ ಮಕ್ಕಳು ನನ್ನ ನೆರಳನ್ನು ಹೊತ್ತುಕೊಂಡು ಮೇಲಿನ ತರಗತಿಗಳಿಗೆ ಹೋಗಿಬಿಟ್ಟಿದ್ದವು. ಇವತ್ತಿಗೂ ಕೆಲವರು ತಮ್ಮ ಮಕ್ಕಳಿಗೆ ಅದನ್ನೇ ಹೇಳುತ್ತಿರಬೇಕು.

ಠಾಣೆಗೆ ಬಂದ ಮೇಲೆ ತೊಂದರೆ ಬೇರೆ ಥರದ್ದು. ‘ನಿಮ್ಮ ಮನೆಯಿಂದ ಕಾಣುವ ಆಕಾಶ ಬರೆದುಕೊಂಡು ಬನ್ನಿ’ ಎಂದರೆ ಮಕ್ಕಳು ಎರಡು ಕಟ್ಟಡ ಬರೆದು ನಡುವೆ ನೀಲಿ ಪಟ್ಟಿ ಎಳೆದು ತಂದವು. ಒಬ್ಬಳು ಪಟ್ಟಿಗೆ ಅಡ್ಡವಾಗಿ ಒಣಗಲು ಹಾಕಿದ ಬಟ್ಟೆಯನ್ನೂ ಬರೆದಿದ್ದಳು. ಇನ್ನೊಂದು ಮಗು ನನಗೆ ಬುದ್ಧಿ ಹೇಳುವ ದನಿಯಲ್ಲಿ, “ಟೀಚರ್, ಚಾಂದ್ ಬಿ ವಿಂಗ್ ಮೇ ರೆಹ್ತಾ ಹೈ” ಎಂದಿತು. ಚಂದ್ರ ದಿನಾ ಎದುರಿನ ಬಿ ವಿಂಗ್ ಕಟ್ಟಡದ ಹಿಂದಿನಿಂದಲೇ ಬರುತ್ತಿದ್ದರೆ ಮಗು ಇನ್ನೇನು ತಿಳಿಯಬೇಕು? ಅವರ ಕಟ್ಟಡದ ಟೆರೇಸಿಗೆ ಕರೆದುಕೊಂಡು ಹೋಗಿ ತೋರಿಸೋಣ ಎಂದರೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬೀಗದ ಕೈ ಕೊಡುವುದಿಲ್ಲ.

ಮನೆಯಲ್ಲಿ ಕನ್ನಡವೋ ತುಳುವೋ ಕೇಳಿ ಬೆಳೆದ ಮಕ್ಕಳೇ ಹೆಚ್ಚು. ನಾನು ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತಿತ್ತು. ಸ್ಮಾರ್ಟ್ ಬೋರ್ಡು ಬಂದಾಗ ನನಗೆ ಖುಷಿಯೇ ಆಯಿತು. ಬಟನ್ ಒತ್ತಿದರೆ ಚಂದ್ರ ಒಂದೇ ನಿಮಿಷದಲ್ಲಿ ತಿಂಗಳು ಮುಗಿಸಿಬಿಡುತ್ತಿದ್ದ. ಆಮೇಲೆ ಪರೀಕ್ಷೆಯಲ್ಲಿ ‘ಚಂದ್ರನ ಆಕಾರ ಯಾಕೆ ಬದಲಾಗುತ್ತದೆ’ ಎಂಬ ಪ್ರಶ್ನೆಗೆ ಒಂದು ಮಗು ‘ಟೀಚರ್ ಬಟನ್ ಒತ್ತುತ್ತಾರೆ’ ಎಂದು ಬರೆಯಿತು. ಅವತ್ತೇ ನಾನು ತೀರ್ಮಾನಿಸಿದೆ, ಇವರು ತಮ್ಮ ಕಣ್ಣಿನಿಂದಲೇ ನೋಡಬೇಕು, ಇಡೀ ತಿಂಗಳು ನೋಡಬೇಕು ಎಂದು.

ಹೀಗೆ ಶುರುವಾದದ್ದು ಮೂವತ್ತು ಚೌಕಗಳ ಚಾರ್ಟು. ಅಮಾವಾಸ್ಯೆಯ ಮರುದಿನದಿಂದ ದಿನಕ್ಕೊಂದು ಚೌಕ. ಚಂದ್ರ ಹೇಗೆ ಕಂಡನೋ ಹಾಗೆ ಬರೆಯಬೇಕು. ಮೋಡವಿದ್ದರೆ ‘ಮೋಡ’ ಎಂದು ಬರೆಯಬೇಕು. ಚೌಕ ಖಾಲಿ ಬಿಟ್ಟರೆ ಸ್ಟಾರ್ ಇಲ್ಲ. ಸಂಕಷ್ಟಿಯ ದಿನ ನಮ್ಮ ಮಕ್ಕಳಷ್ಟು ಚೆನ್ನಾಗಿ ಚಂದ್ರನನ್ನು ಕಾಯುವವರು ಇನ್ನೆಲ್ಲೂ ಇರಲಿಕ್ಕಿಲ್ಲ, ಯಾಕೆಂದರೆ ಅವನು ಮೂಡುವವರೆಗೆ ಅಮ್ಮ ಊಟ ಮಾಡುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಗಂಟೆ ನಿಮಿಷ ನೋಡಿ ಮಕ್ಕಳೇ ಕೂಗಿ ಹೇಳುತ್ತಿದ್ದವು. ಹಾಗಾಗಿ ಚಾರ್ಟು ನಮ್ಮಲ್ಲಿ ಚೆನ್ನಾಗಿ ನಡೆಯಿತು. ಇಲ್ಲಿಯವರೆಗೆ ಎಲ್ಲ ಸರಿ.

ನಿವೃತ್ತಿಗೆ ಎರಡು ವರ್ಷ ಇರುವಾಗ ಸಿಲೆಬಸ್ ಹಿಂದೆ ಮುಂದೆ ಮಾಡಿ ಆ ಪಾಠವನ್ನು ಮಳೆಗಾಲದ ಕೊನೆಗೆ ತಂದರು. ನಾನು ಅಮಾವಾಸ್ಯೆ ನೋಡಿದೆ, ಶಾಲೆಯ ರಜೆ ನೋಡಿದೆ, ಚಾರ್ಟು ಹಂಚಿದೆ. ‘ಒಂದು ದಿನವೂ ತಪ್ಪಿಸಬಾರದು’ ಎಂದು ಬೆರಳೆತ್ತಿ ಹೇಳಿದೆ. ನಾಲ್ಕನೆಯ ಚೌಕ ಗಣೇಶ ಚೌತಿ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಚೌತಿಯ ಚಂದ್ರನನ್ನು ನೋಡಿದವರಿಗೆ ಮಾಡದ ಕಳ್ಳತನದ ಅಪವಾದ ಬರುತ್ತದೆ ಎಂದು ನಮ್ಮ ಕಡೆಯೂ ನಂಬುತ್ತಾರೆ, ಮರಾಠಿಯವರೂ ನಂಬುತ್ತಾರೆ. ಆ ಸಂಜೆ ಯಾರೂ ತಲೆಯೆತ್ತುವುದಿಲ್ಲ. ಅಂಥ ದಿನಕ್ಕೆ ನಾನು ಹೋಮ್‌ವರ್ಕ್ ಕೊಟ್ಟಿದ್ದೆ!

ಅದೇ ವಾರ ರಿಯಾ ಎಂಬ ಹುಡುಗಿಯ ಅಪ್ಪ ತಮ್ಮ ದುರ್ಬೀನನ್ನು ತರಗತಿಗೆಂದು ಕೊಟ್ಟು ಕಳಿಸಿದ್ದರು. ವಾರಕ್ಕೊಬ್ಬರಂತೆ ಮಕ್ಕಳು ಮನೆಗೆ ಒಯ್ದು ಚಂದ್ರನನ್ನು ನೋಡುವುದೆಂದು ಮಾತಾಗಿತ್ತು. ಹಬ್ಬದ ರಜೆಗೆ ಮುಂಚಿನ ದಿನ, ಶಾಲೆ ಬಿಟ್ಟ ಮೇಲೆ, ಅದನ್ನು ಕಪಾಟಿನಿಂದ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಫೋಕಸ್ ಮಾಡುವುದು ನನಗೇ ಬರದಿದ್ದರೆ ಮಕ್ಕಳಿಗೆ ಹೇಗೆ ಹೇಳಿಕೊಡಲಿ? ಯಾರನ್ನೂ ಕೇಳಲಿಲ್ಲ. ಆ ಸಂಜೆ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ನಿಂತು ಮೂರನೆಯ ದಿನದ ಚಂದ್ರನನ್ನು ನೋಡಿದೆ. ಅಯ್ಯೋ, ಎಷ್ಟು ಚಂದ! ಗೆರೆಯ ಒಳಗಿನ ಕಪ್ಪು ಭಾಗವೂ ಮಂಕಾಗಿ ಕಾಣುತ್ತಿತ್ತು. ಮರುದಿನ ಹಬ್ಬಕ್ಕೆ ಕಲ್ಯಾಣದಿಂದ ನಾದಿನಿಯ ಮಕ್ಕಳು ಬರುವವರಿದ್ದರು. ಅವುಗಳ ಕೈಗೆ ಸಿಕ್ಕರೆ ದುರ್ಬೀನು ಎರಡು ತುಂಡಾಗುತ್ತದೆಂದು ಹೆದರಿ ಗೋಡ್ರೆಜ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ತುರುಕಿ ಇಟ್ಟೆ.

ಚೌತಿಯ ದಿನ ಮನೆ ತುಂಬ ನೆಂಟರು. ಮಧ್ಯಾಹ್ನ ಮಳೆ ಬಂದು ಬಿಟ್ಟು ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಆರೂ ಮುಕ್ಕಾಲಿಗೆ ನಾದಿನಿ, “ಅತ್ತಿಗೆ, ಪರದೆ ಎಳೀರಿ, ಮಕ್ಕಳು ನೋಡಿಬಿಟ್ರೆ ಕಷ್ಟ” ಎಂದಳು. ನಾನು ಎಳೆದೆ. ವಿಜ್ಞಾನದ ಟೀಚರು, ಎದ್ದು ಹೋಗಿ ಪರದೆ ಎಳೆದೆ. ಚಾರ್ಟಿನ ನನ್ನ ಪ್ರತಿಯಲ್ಲಿ ನಾಲ್ಕನೆಯ ಚೌಕಕ್ಕೆ ‘ಮೋಡ’ ಎಂದು ಬರೆದೆ.

ಐದು ದಿನದ ಮೇಲೆ ಶಾಲೆ ತೆರೆಯಿತು. ಚಾರ್ಟುಗಳನ್ನು ತರಿಸಿ ನೋಡಿದರೆ ನಾಲ್ಕನೆಯ ಚೌಕದಲ್ಲಿ ಎಲ್ಲರದೂ ಮೋಡ. ಅಮ್ಮಂದಿರು ನನಗಿಂತ ಜಾಣೆಯರು, ಸ್ಟಾರೂ ಹೋಗಬಾರದು, ಅಪವಾದವೂ ಬರಬಾರದು. ನನಗೆ ಒಳಗೊಳಗೇ ನಗು. ಒಂದು ಚಾರ್ಟಿನಲ್ಲಿ ಮಾತ್ರ ಚಂದ್ರನಿದ್ದ. ಬಲಗಡೆಗೆ ತೆಳು ಬೆಳಕು, ಸ್ವಲ್ಪ ವಾಲಿದ ಗೆರೆ, ಹೇಗಿರಬೇಕೋ ಹಾಗೆಯೇ. ಅದು ಪ್ರಣಿತಾಳದು. ಅವಳ ಅಪ್ಪ ಠಾಣೆಯ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಅಪ್ಪ, ಅಮ್ಮ, ಕಾಪು ಕಡೆಯ ಅಜ್ಜಿ. ಮಾತು ಕಡಿಮೆಯ ಹುಡುಗಿ.

“ಅರೇ, ತೂನೇ ದೇಖಾ?” ನೋಡಿಯೇಬಿಟ್ಟೆಯಾ ಎಂದು ಪಕ್ಕದವಳು ಹಿಂದೆ ಸರಿದಳು.

“ಟೀಚರ್‌ನೇ ಬೋಲಾ ಥಾ, ಏಕ್ ಭೀ ದಿನ್ ನಹೀ ಛೋಡ್ನಾ” ಎಂದು ನನ್ನ ಮಾತನ್ನೇ ಹಿಂದಿಯಲ್ಲಿ ಒಪ್ಪಿಸಿದಳು ಪ್ರಣಿತಾ.

ನಾನು ಅವಳನ್ನು ಹೊಗಳಬೇಕಾಗಿತ್ತು. ಹೊಗಳಿದರೆ ಉಳಿದವರ ಮೋಡದ ಬಗ್ಗೆ ಮಾತೆತ್ತಬೇಕು, ಬೆಳಿಗ್ಗೆ ತಾನೇ ತರಗತಿಯ ಗೋಡೆಯ ಮೇಲೆ ಅಂಟಿಸಿದ್ದ ನನ್ನ ಚಾರ್ಟಿನ ಮೋಡದ ಬಗ್ಗೆಯೂ ಹೇಳಬೇಕು. ಎಲ್ಲರಿಗೂ ಒಂದೊಂದು ಸ್ಟಾರ್ ಅಂಟಿಸಿ ಸುಮ್ಮನಾದೆ.

ಅದೇ ದಿನ ಊಟದ ಬಿಡುವಿನ ನಂತರ ರಿಯಾ ದುರ್ಬೀನು ಕೇಳಿದಳು. ಕಪಾಟು ತೆಗೆದರೆ ಇಲ್ಲ. ನೆಂಟರು, ಅಡುಗೆ, ವಿಸರ್ಜನೆಯ ಗಡಿಬಿಡಿಯಲ್ಲಿ ಅದು ನನ್ನ ತಲೆಯಿಂದ ಪೂರ್ತಿ ಹಾರಿಹೋಗಿತ್ತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಡೆಸ್ಕುಗಳ ಕೆಳಗೆಲ್ಲ ಹುಡುಕಿದೆವು. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು, “ಪ್ರಣಿತಾ ನೇ ಲಿಯಾ ಹೋಗಾ. ಉಸ್‌ನೇ ಚಾಂದ್ ದೇಖಾ ಥಾ ನಾ!” ಚೌತಿಯ ಚಂದ್ರನನ್ನು ನೋಡಿದವಳೇ ಕದ್ದಿರಬೇಕೆಂದು ಇಡೀ ತರಗತಿ ‘ಹಾಂ, ಹಾಂ’ ಎಂದಿತು.

ನನಗೆ ಸಿಟ್ಟು ಬಂತು. ಮೂಢನಂಬಿಕೆ ಎಂದರೇನು, ಚಂದ್ರ ಒಂದು ಕಲ್ಲಿನ ಗುಡ್ಡೆ, ಅದಕ್ಕೆ ನಮ್ಮ ಮೇಲೆ ಯಾವ ಸೇಡೂ ಇಲ್ಲ ಎಂದು ಐದು ನಿಮಿಷ ಭಾಷಣ ಬಿಗಿದೆ. ಭಾಷಣ ಮುಗಿಸಿ ಏನು ಮಾಡಿದೆ ಗೊತ್ತೇ? “ಪ್ರಣಿತಾ, ನಿನ್ನ ಬ್ಯಾಗ್ ತಾ” ಎಂದೆ. ಇವರ ಬಾಯಿ ಮುಚ್ಚಿಸಲಿಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತೆರಡು ಮಕ್ಕಳಲ್ಲಿ ಒಂದು ಮಗುವಿನ ಬ್ಯಾಗನ್ನು ಎಲ್ಲರ ಎದುರು ಮೇಜಿನ ಮೇಲೆ ಸುರಿದೆ. ಟಿಫಿನ್ ಡಬ್ಬಿ, ನೀರಿನ ಬಾಟಲಿ, ಪುಸ್ತಕಗಳು, ಮೊಲದ ಆಕಾರದ ರಬ್ಬರು. ಅವಳು ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು, ಅಳಲಿಲ್ಲ. ಎಲ್ಲವನ್ನೂ ಒಳಗೆ ತುಂಬಿ ಬ್ಯಾಗನ್ನು ಅವಳ ಕೈಗೆ ಕೊಟ್ಟು, “ಗಣಿತದ ಪುಸ್ತಕ ತೆಗೆಯಿರಿ” ಎಂದೆ.

ಸಂಜೆ ಮನೆಗೆ ಬಂದು ಹಬ್ಬಕ್ಕೆ ಉಟ್ಟ ಸೀರೆಯನ್ನು ಮಡಚಿ ಗೋಡ್ರೆಜಿನಲ್ಲಿ ಇಡುವಾಗ ಕೈಗೆ ಗಟ್ಟಿಯಾಗಿ ಏನೋ ತಾಗಿತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಯಜಮಾನರು ಏನಾಯಿತು ಎಂದು ಕೇಳಿದರು, ತಲೆ ಸುತ್ತಿತು ಎಂದು ಸುಳ್ಳು ಹೇಳಿದೆ.

ಇಷ್ಟಾದರೂ ಸರಿ ಮಾಡಬಹುದಿತ್ತು. ನಾನು ಮಾಡಿದ್ದೇನೆಂದರೆ, ಮರುದಿನ ಎಲ್ಲರಿಗಿಂತ ಮೊದಲು ಹೋಗಿ ದುರ್ಬೀನನ್ನು ಕಪಾಟಿನ ಹಿಂದೆ ಸುತ್ತಿಟ್ಟ ನಕ್ಷೆಗಳ ನಡುವೆ ಇಟ್ಟೆ. ಮಕ್ಕಳು ಬಂದ ಮೇಲೆ ಹುಡುಕುವ ನಾಟಕವಾಡಿ, “ಸಿಕ್ಕಿತು!” ಎಂದು ಎತ್ತಿ ಹಿಡಿದೆ. ಮಕ್ಕಳು ಚಪ್ಪಾಳೆ ತಟ್ಟಿದವು. ಪ್ರಣಿತಾಳೂ ತಟ್ಟಿದಳು. ಮುಗಿಯಿತಪ್ಪ ಎಂದುಕೊಂಡೆ.

ಹುಣ್ಣಿಮೆ ಕಳೆದು ಮತ್ತೆ ಚಾರ್ಟು ತರಿಸಿದೆ. ಪ್ರಣಿತಾಳ ಚಾರ್ಟಿನಲ್ಲಿ ಒಂಬತ್ತನೆಯ ದಿನದಿಂದ ಮುಂದಕ್ಕೆ ಎಲ್ಲ ಚೌಕದಲ್ಲೂ ಮುದ್ದಾದ ಅಕ್ಷರದಲ್ಲಿ ಮೋಡ, ಮೋಡ, ಮೋಡ. ಹುಣ್ಣಿಮೆಯ ದಿನವೂ ಮೋಡ. ಆ ದಿನ ಲೋಕಲ್ಲಿನ ಕಿಟಕಿಯಿಂದ ಠಾಣೆಯಿಂದ ಡೊಂಬಿವಲಿಯವರೆಗೆ ಹುಣ್ಣಿಮೆಯ ಚಂದ್ರ ನನ್ನ ಜೊತೆಗೇ ಬಂದಿದ್ದ.

“ಹುಣ್ಣಿಮೆ ದಿನ ಮೋಡ ಇತ್ತಾ ಪುಟ್ಟಾ?”

ಅವಳು ನೆಲ ನೋಡಿಕೊಂಡು, “ಮೈ ನಹೀ ದೇಖತೀ ಅಬ್. ಚಾಂದ್ ದೇಖಾ ತೋ ಸಬ್ ಚೋರ್ ಬೋಲ್ತೇ ಹೈ” ಎಂದಳು. ನೋಡಿದರೆ ಎಲ್ಲರೂ ಕಳ್ಳಿ ಅನ್ನುತ್ತಾರಂತೆ, ಅದಕ್ಕೆ ಈಗ ನೋಡುವುದೇ ಇಲ್ಲವಂತೆ.

ಮರುದಿನ ಅವಳ ಅಜ್ಜಿಯನ್ನು ಬರಹೇಳಿದೆ. ಬಯ್ದರೆ ಬಯ್ಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅವರು ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಂದರು.

“ನೀವು ಬೇಜಾರು ಮಾಡ್ಬೇಡಿ ಟೀಚರ್. ನಿಮ್ಮದೆಂತ ತಪ್ಪುಂಟು ಇದ್ರಲ್ಲಿ? ಚೌತಿ ಚಂದ್ರನ ನೋಡಿದ ಮೇಲೆ ಅಪವಾದ ಬರ್ದೆ ಇರ್ತದಾ? ನಾನು ಒಳಗೆ ಕಡುಬು ಬೇಯಿಸ್ಲಿಕ್ಕೆ ಇಟ್ಟಿದ್ದೆ, ಇವಳು ಕಿಟಕಿಯಲ್ಲಿ ನಿಂತದ್ದು ಗೊತ್ತೇ ಆಗ್ಲಿಲ್ಲ ಮಾರಾಯ್ರೆ. ಈಗ ಹೇಳಿದ್ದೇನೆ, ಇನ್ನು ಅದರ ಸುದ್ದಿಗೇ ಹೋಗ್ಬೇಡ ಅಂತ.” ಆಮೇಲೆ ನನ್ನ ಕೈ ಹಿಡಿದುಕೊಂಡರು. “ನೀವಾದ್ದಕ್ಕೆ ಹುಡುಕಿ ಕೊಟ್ರಿ. ಇಲ್ಲದಿದ್ರೆ ನಮ್ಮ ಹುಡುಗಿ ಹೆಸ್ರು ಹಾಳಾಗ್ತಿತ್ತು. ದೇವ್ರು ನಿಮ್ಮನ್ನು ಚೆನ್ನಾಗಿಡ್ಲಿ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕದ್ದವಳಿಗೇ ಆಶೀರ್ವಾದ ಮಾಡಿ ಚಕ್ಕುಲಿ ಕೊಟ್ಟು ಹೋದರು. ನನ್ನ ತಪ್ಪನ್ನೆಲ್ಲ ಚಂದ್ರನ ತಲೆಗೆ ಕಟ್ಟಿ ನಾನು ಪಾರಾಗಿದ್ದೆ, ಆ ಹುಡುಗಿ ಇನ್ನು ಜನ್ಮದಲ್ಲಿ ಆಕಾಶದ ಕಡೆ ತಲೆಯೆತ್ತುವುದಿಲ್ಲ. ಚಂದ್ರನನ್ನು ಕಲಿಸುವವಳು ನಾನು!

ನೇರವಾಗಿ ಹೆಡ್‌ಮಿಸ್ಟ್ರೆಸ್ ಸುಧಾ ಮೇಡಂ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೆಂಗಳೂರಿನವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರಲ್ಲ.

“ವಸ್ತು ಸಿಕ್ತಲ್ವಾ ಮೇಡಂ, ಬಿಟ್ಬಿಡಿ” ಎಂದರು. “ಕ್ಲಾಸ್‌ನಲ್ಲಿ ಹೇಳಿದ್ರೆ ಮಧ್ಯಾಹ್ನದೊಳಗೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪ್‌ಗೆ ಹೋಗತ್ತೆ. ಎರಡು ವರ್ಷ ಇದೆ ನಿಮ್ಗೆ. ಟೀಚರೇ ಕದ್ರು ಅಂತ ಹೆಸ್ರು ಹೊತ್ಕೊಂಡು ಹೋಗ್ತೀರಾ?”

“ಆ ಮಗು ಏಳು ವರ್ಷಕ್ಕೇ ಹೊತ್ಕೊಂಡಿದೆಯಲ್ಲ ಮೇಡಂ” ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, “ನಿಮ್ಮಿಷ್ಟ” ಎಂದರು.

ಮರುದಿನ ಮೊದಲ ಪೀರಿಯಡ್ಡು. ಮೇಜಿನ ಮುಂದೆ ಹೋಗಿ ನಿಂತೆ. ಇಷ್ಟು ವರ್ಷ ನಿಂತ ಜಾಗ ಅದು. “ದುರ್ಬೀನು ಯಾರೂ ಕದ್ದಿರಲಿಲ್ಲ. ನಾನೇ ಕೇಳದೆ ಮನೆಗೆ ಒಯ್ದಿದ್ದೆ. ಮರೆತೆ. ನೆನಪಾದ ಮೇಲೆ ಹೇಳಲಿಲ್ಲ, ಗುಟ್ಟಾಗಿ ತಂದಿಟ್ಟೆ. ಚೌತಿಯ ಸಂಜೆ ಮೋಡ ಇರಲಿಲ್ಲ. ನಾನು ಪರದೆ ಎಳೆದು, ಮೋಡ ಅಂತ ಸುಳ್ಳು ಬರೆದೆ. ನಮ್ಮೆಲ್ಲರಲ್ಲಿ ನಿಜ ಬರೆದವಳು ಪ್ರಣಿತಾ ಒಬ್ಬಳೇ. ಅವಳ ಬ್ಯಾಗ್ ನೋಡಿದ್ದು ಚಂದ್ರನಿಂದ ಆದದ್ದಲ್ಲ, ನನ್ನಿಂದ ಆದದ್ದು. ತಪ್ಪಾಯಿತು” ಎಂದೆ. ಕನ್ನಡದಲ್ಲಿ ಹೇಳಿ, ಯಾರಿಗೂ ಅರ್ಥವಾಗಲಿಲ್ಲ ಎನ್ನುವ ನೆಪ ಬೇಡವೆಂದು ಹಿಂದಿಯಲ್ಲೂ ಹೇಳಿದೆ.

“ಟೀಚರ್, ಆಪ್‌ನೇ ಝೂಠ್ ಬೋಲಾ?” ಟೀಚರೂ ಸುಳ್ಳು ಹೇಳುತ್ತಾರೆಯೇ ಎಂದು ರಿಯಾ ಕಣ್ಣರಳಿಸಿದಳು.

“ಹೌದು.”

ಸುಧಾ ಮೇಡಂ ಹೇಳಿದಂತೆಯೇ ಮಧ್ಯಾಹ್ನದೊಳಗೆ ಗ್ರೂಪಿಗೆ ಹೋಯಿತು. ಕೆಲವರು ಕೈ ಮುಗಿಯುವ ಚಿತ್ರ ಹಾಕಿದರು, ಕೆಲವರು ಬೇರೆ ಟೀಚರ್ ಬೇಕೆಂದರು. ಒಂದು ವಾರ ಗಲಾಟೆಯಾಗಿ ತಣ್ಣಗಾಯಿತು. ಪ್ರಣಿತಾ ಚಾರ್ಟಿನ ಉಳಿದ ಚೌಕಗಳಲ್ಲಿ ಮತ್ತೆ ಚಂದ್ರನನ್ನು ಬರೆದಳು, ಬೆಳಗಿನ ಸ್ಕೂಲ್ ಬಸ್ಸಿನಿಂದ ಕಾಣುವ ಎಡಗಡೆಯ ಅರ್ಧ ಚಂದ್ರ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನಾನು ಹೇಳಬೇಕಾಗಿರುವುದು ಆ ಬೆಳಿಗ್ಗೆ ತರಗತಿಯಲ್ಲಿ ಮುಂದೆ ಆದದ್ದನ್ನು.

ನಾನು ‘ಹೌದು’ ಎಂದ ಮೇಲೆ ಪ್ರಣಿತಾ ಎದ್ದು ಮೇಜಿನ ಹತ್ತಿರ ಬಂದಳು. ಕೈ ಚಾಚಿ, “ಟೀಚರ್, ಬ್ಯಾಗ್” ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿಗೆ ನೇತುಹಾಕಿದ್ದ ನನ್ನ ಬ್ಯಾಗನ್ನು ತೆಗೆದು ಕೊಟ್ಟೆ. ಅವಳು ಸುರಿಯಲಿಲ್ಲ, ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ರೈಲಿನ ಪಾಸು, ಬಿಪಿ ಮಾತ್ರೆ, ಕರ್ಚೀಫು, ಕನ್ನಡಕದ ಡಬ್ಬಿ, ಅರ್ಧ ತಿಂದು ಸುತ್ತಿಟ್ಟ ಚಿಕ್ಕಿ. ಒಳಗಿನ ಜಿಪ್ಪನ್ನೂ ತೆಗೆದು ಬೆರಳು ಹಾಕಿ ನೋಡಿದಳು. ಅಷ್ಟೂ ಹೊತ್ತು ನಾನು ನಿಂತೇ ಇದ್ದೆ. ಎಲ್ಲವನ್ನೂ ಇದ್ದ ಹಾಗೆಯೇ ಒಳಗೆ ಇಟ್ಟು, ಜಿಪ್ಪು ಎಳೆದು, ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ತರಗತಿಯ ಕಡೆ ತಿರುಗಿ, ಹಿಂದಿನ ಬೆಂಚಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

“ಕುಛ್ ನಹೀ ಮಿಲಾ. ಟೀಚರ್ ಚೋರ್ ನಹೀ ಹೈ.”

ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತಳು. ಅವಳ ಬ್ಯಾಗು ನೋಡಿದ ದಿನ, ‘ಏನೂ ಸಿಗಲಿಲ್ಲ, ಇವಳು ಕಳ್ಳಿಯಲ್ಲ’ ಎಂಬ ಆ ಒಂದು ಮಾತನ್ನು ನಾನು ಅವಳಿಗಾಗಿ ಹೇಳಿರಲಿಲ್ಲ.